ಗಡಿಬಿಡಿ ಕಾಕಾ ಗುಮ್ಮಟ ಹತ್ತಿದ್ದು

ಬೆಳಗಿನ ಹನ್ನೊಂದೂಕಾಲಿಗೆ ನಮ್ಮ ಕಾಕಾ ಜನ್ಮದಲ್ಲಿ ಮೊದಲ ಸಲ ಸುಮ್ಮನೆ ನಿಂತ. ಏನೋ ಅನಾಹುತವಾಗಿದೆಯೆಂದು ನನಗೆ ಗೊತ್ತಾದದ್ದೇ ಅದರಿಂದ!

ಯಾಕೆಂದರೆ, ಗಡಿಬಿಡಿ ಎಂಬ ಪದಕ್ಕೆ ಅರ್ಥ ಬೇಕಾದರೆ ನಮ್ಮೂರು ತಿಕೋಟಾದಲ್ಲಿ ಯಾರೂ ನಿಘಂಟು ತೆಗೆಯುತ್ತಿರಲಿಲ್ಲ. ನಮ್ಮ ಮನೆಯ ಕಡೆ ಕೈ ತೋರಿಸುತ್ತಿದ್ದರು. ನಿಘಂಟು ಅದನ್ನು ‘ಅವಸರ’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತದೆ. ಪಾಪ, ಬರೆದವರು ಕಾಕಾನ ಸ್ನಾನ ನೋಡಿರಲಿಲ್ಲ. ಅವಸರದವನು ಬೇಗ ಸ್ನಾನ ಮುಗಿಸುತ್ತಾನೆ. ಗಡಿಬಿಡಿಯವನು ಟೋಪಿ ಹಾಕಿಕೊಂಡೇ ತಲೆಗೆ ನೀರು ಸುರಿದುಕೊಳ್ಳುತ್ತಾನೆ!

ಒಮ್ಮೆ ವಿಜಾಪುರದಲ್ಲಿ ನಮ್ಮ ಸಂಬಂಧಿಕರ ಮದುವೆ. ಕಾಕಾ ನಮ್ಮನ್ನೆಲ್ಲ ಬಿಟ್ಟು ಮೊದಲು ಬಂದ ಬಸ್ಸಿಗೆ ಹಾರಿದ. ಅದು ಬಬಲೇಶ್ವರದ ಬಸ್ಸು. ಅಲ್ಲೂ ಒಂದು ಮದುವೆ ನಡೆದಿತ್ತು. ಇಳಿದವನೇ ಧೋತರ ಮೇಲಕ್ಕೆ ಕಟ್ಟಿ, ಎರಡು ಪಂಕ್ತಿಗೆ ಹುಗ್ಗಿ ಬಡಿಸಿ, ಆಮೇಲೆ ಮದುಮಗಳನ್ನು ಹರಸಲು ಹೋದನಂತೆ.

“ಅಯ್ಯ ಶಿವನ! ಹುಡುಗಿ ನಮ್ಮಾಕಿ ಅಲ್ಲ!”

ಮದುವೆ ಮನೆಯವರು ಬಿಟ್ಟಾರೆಯೇ? “ಇರ್ಲಿ ಬಿಡ್ರಿ ಯಪ್ಪಾ, ಛಲೋ ಬಡಸ್ತೀರಿ. ಇನ್ನೊಂದು ಪಂಕ್ತಿ ಮುಗಿಸೇ ಹೋಗ್ರಿ!”

ಇಂಥವನು ಅರವತ್ತರ ದಶಕದಲ್ಲಿ, ನಾನು ಬಿ.ಎ. ಓದುತ್ತಿದ್ದಾಗ, ಮನೆಯವರನ್ನೆಲ್ಲ ಗೋಳಗುಮ್ಮಟ ತೋರಿಸಲು ಕರೆದೊಯ್ದ. ಮೆಟ್ಟಿಲ ತುಂಬ “ಲಗೂ ಬರ್ರಿ, ಲಗೂ!” ಮೇಲಿನ ಗ್ಯಾಲರಿಯಲ್ಲೂ ಹಾಗೇ ಕೂಗಿದ ನೋಡಿ, ಗುಮ್ಮಟ ಅದನ್ನೇ ಹಿಡಿದು ‘ಲಗೂ, ಲಗೂ’ ಎಂದು ಸುತ್ತೆಲ್ಲ ಗದರಿಸಿತು. ಪರವೂರಿನ ಪ್ರವಾಸಿಗಳು ಗಾಬರಿಯಾಗಿ ಇಳಿದೇ ಹೋದರು!

ಅಲ್ಲಿ ಗಂಡಹೆಂಡಿರ ಆಟವೊಂದಿದೆ. ಒಬ್ಬರು ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ, ದೂರದ ಎದುರು ಗೋಡೆಗೆ ಕಿವಿ ಹಚ್ಚಿದವರಿಗೆ ಕೇಳುತ್ತದೆ. ಕಾಕಾನ ಹೆಂಡತಿ, ನಮ್ಮ ಚಿಗವ್ವ, ಆಚೆ ಹೋಗಿ ಕಿವಿಯಿಟ್ಟು ನಿಂತಳು.

“ಒಡಪು ಕಟ್ಟಿ ಹೆಂಡ್ತಿ ಹೆಸರು ಹೇಳು ಕಾಕಾ,” ಎಂದು ಛೇಡಿಸಿದೆ.

“ಲೇ, ಮುಂಜಾನೆದ್ದು ಆಕೀನ ‘ಏ ಇವಳ’ ಅನ್ನಾಕ ನನಗ ಪುರುಸೊತ್ತಿಲ್ಲ, ಒಡಪು ಎಲ್ಲಿಂದ ಕಟ್ಟಲಿ?” ಎಂದು ತಿರುಗಿದವನು ಹಾಗೇ ನಿಂತ. ನನ್ನ ಹೊಸ ಕೈಗಡಿಯಾರದಲ್ಲಿ ಹನ್ನೊಂದೂಕಾಲು.

ಎದುರಿಗೆ, ಚಿಗವ್ವನ ಬೆನ್ನ ಹಿಂದೆ, ಅವರ ನಾಲ್ಕು ವರ್ಷದ ಮಗಳು ಪಾರಿ ಗ್ಯಾಲರಿಯ ಒಳ ಅಂಚಿನ ಕಟ್ಟೆ ಹತ್ತಿ ಮಂಡಿಯೂರಿ ಕೆಳಗೆ ಬಗ್ಗಿದ್ದಳು. ಕೆಳಗೆ ಗೋರಿಗಳು ಬೆಂಕಿಪೆಟ್ಟಿಗೆಯಷ್ಟು.

ನಾನು ಕೂಗಹೋದೆ. ಕಾಕಾ ನನ್ನ ಬಾಯಿ ಒತ್ತಿ ಹಿಡಿದ. ಕೂಗಿದರೆ ಗುಮ್ಮಟವೇ ಕೂಸಿನ ಮೇಲೆ ಗುಡುಗುತ್ತಿತ್ತು, ಓಡಿದರೂ ಅಷ್ಟೇ. ಅವನು ಗೋಡೆಗೆ ಬಾಯಿ ಹಚ್ಚಿದ.

“ಗಂಗಾ, ನಿಧಾನ. ಚೀರಬ್ಯಾಡ. ಕೂಸು ನಿನ್ನ ಹಿಂದ ಕಟ್ಟಿ ಮ್ಯಾಲ ಐತಿ. ನಿಧಾನ ಹೊಳ್ಳು. ನಿಧಾನ ಹೋಗು. ನಡಾ ಹಿಡಕೋ.”

ಆ ಬಾಯಿಂದ ‘ನಿಧಾನ’ ಎಂಬ ಮಾತನ್ನು ನಾನು ಕೇಳಿರಲಿಲ್ಲ. ಹೆಂಡತಿಯ ಹೆಸರನ್ನಂತೂ ಇಲ್ಲವೇ ಇಲ್ಲ. ಚಿಗವ್ವ ತಿರುಗಿದಳು. ಬೆಕ್ಕಿನ ಹೆಜ್ಜೆಯಿಟ್ಟು ಹೋಗಿ, ಕೂಸಿನ ನಡ ಹಿಡಿದೆಳೆದು ಎದೆಗವಚಿಕೊಂಡಳು.

ಈಗಲೂ ಕಣ್ಣು ಮುಚ್ಚಿದರೆ, ಕೆಂಪು ರಿಬ್ಬನ್ನಿನ ಆ ಪುಟ್ಟ ತಲೆ ಕೆಳಗೆ ಬಾಗುತ್ತಲೇ ಇರುತ್ತದೆ. ಆಮೇಲೆ ಎಷ್ಟೋ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಕಾಕಾ ಎದ್ದೆದ್ದು ಮಗಳ ಕಾಲು ಮುಟ್ಟಿ ನೋಡುತ್ತಿದ್ದ.

ಕೊನೆಗೊಂದು ಸೋಮವಾರ ಬೆಳಗಾಯಿತು. ಕಾಕಾ ಪೇಟೆಗೆ ಹೋಗಬೇಕಿದ್ದ ದಿನ. ಬಸ್ಸು ಬಂದು ಹಾರನ್ ಬಾರಿಸಿತು. ಒಳಗೆ ಕಾಕಾನ ಗೊರಕೆ, ಅವನ ಹೊಟ್ಟೆಯ ಮೇಲೆ ಪಾರಿಯ ಕಾಲು. ಎಬ್ಬಿಸಹೋದ ನನ್ನ ತೋಳು ಹಿಡಿದು ಚಿಗವ್ವ ಪಿಸುಗುಟ್ಟಿದಳು:

“ಹೋಗ್ಲಿ ಬಿಡಪಾ. ಬಸ್ಸು ನಾಳಿಗೂ ಬರತೈತಿ.”