ಶುಂಠಿ ತಕ್ಕಡಿಯಲ್ಲಿ ಎದೆಹಾಲು

ಶಿರಾಳಕೊಪ್ಪದ ಬಸ್ ನಿಲ್ದಾಣದಲ್ಲಿ ನಿಂತು ಫೋನಿನಲ್ಲಿ ನಾನು ಏನು ಹೇಳಿದೆ ಎಂಬುದು ನನಗೆ ಖಚಿತವಿಲ್ಲ. ‘ಹಾಲಲ್ಲಿ ಡಿ ಸಾಲಲ್ಲವಂತೆ’ ಎಂದೆ ಎಂಬುದು ನನ್ನ ನೆನಪು. ‘ಹಾಲು ಸಾಲಲ್ಲವಂತೆ’ ಎಂದಿರಿ ಎಂಬುದು ನನ್ನ ಹೆಂಡತಿ ಸುಜಾತಾಳ ನೆನಪು. ಎರಡಕ್ಕೂ ಇರುವ ವ್ಯತ್ಯಾಸ ಹೆಚ್ಚೆಂದರೆ ಒಂದೆರಡು ಅಕ್ಷರ. ಯಾರು ಏನೇ ಹೇಳಿದರೂ ಪುರಾವೆ ಕೇಳುವ ಮನುಷ್ಯ ನಾನು. ಈ ಒಂದು ಮಾತಿಗೆ ಮಾತ್ರ ನನ್ನ ಬಳಿ ಪುರಾವೆಯಿಲ್ಲ. ಅವತ್ತು ಸಂತೆ ಬೇರೆ. ಕಂಡಕ್ಟರನೊಬ್ಬ ನನ್ನ ಕಿವಿಯ ಪಕ್ಕದಲ್ಲೇ ನಿಂತು ‘ಆನವಟ್ಟಿ! ಆನವಟ್ಟಿ!’ ಎಂದು ಕೂಗುತ್ತಿದ್ದ. ನನ್ನ ಅಕ್ಷರಗಳನ್ನು ಅವನೇ ಆನವಟ್ಟಿಗೆ ಹತ್ತಿಸಿಕೊಂಡು ಹೋಗಿರಲೂಬಹುದು.

ಆಗ ನಮ್ಮ ಮಗಳಿಗೆ ಎರಡು ತಿಂಗಳು ತುಂಬುವುದರಲ್ಲಿತ್ತು. ಸುಜಾತಾ ಬಾಣಂತನಕ್ಕೆಂದು ಸೊರಬದ ತವರುಮನೆಯಲ್ಲಿದ್ದಳು. ನಾನು ಶಿಕಾರಿಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತ, ರಜೆ ಸಿಕ್ಕಿದಾಗಲೆಲ್ಲ ಬಸ್ಸು ಹತ್ತುತ್ತಿದ್ದೆ. ಅವತ್ತು ಹೊರಡುವ ಮುಂಚೆ, ಮಗುವಿನ ಕುತ್ತಿಗೆಯಲ್ಲಿ ಎದ್ದಿದ್ದ ಬೆವರುಸಾಲೆಗೆ ಏನು ಹಚ್ಚಬೇಕೆಂದು ಕೇಳಲು ಮಕ್ಕಳ ಡಾಕ್ಟರಮ್ಮನ ಬಳಿ ಹೋದೆ.

“ಅದು ತಾನೇ ಹೋಗುತ್ತೆ ಬಿಡ್ರಿ. ವಿಟಮಿನ್ ಡಿ ಹನಿ ಹಾಕ್ತಿದ್ದೀರೋ ಇಲ್ಲೋ?”

“ಎದೆಹಾಲೇ ಸಂಪೂರ್ಣ ಆಹಾರ ಅಂತ ಗೋಡೆ ಮೇಲೆ ಬರೆಸಿದ್ದೀರಿ. ಮತ್ತೆ ಹನಿ ಯಾಕೆ ಮೇಡಂ?”

“ಅದೊಂದು ಬಿಟ್ರೆ ಸಂಪೂರ್ಣ. ಡಿ ಒಂದು ಹಾಲಲ್ಲಿ ಸಾಲಲ್ಲ.”

“ಬಿಸಿಲಿಗೆ ಹಿಡಿದರೆ?”

“ಅಷ್ಟು ಎಳೇ ಕೂಸನ್ನ ಎಷ್ಟು ಹೊತ್ತು ಬಿಸಿಲಲ್ಲಿ ಹಿಡೀತೀರಿ? ಹನಿ ಹಾಕ್ರಿ.”

“ಇದಕ್ಕೆ ಆಧಾರ ಏನು ಅಂತ...”

ಡಾಕ್ಟರಮ್ಮ ಗಂಟೆ ಒತ್ತಿ ಮುಂದಿನವರನ್ನು ಕರೆದರು.

ಹನಿಯ ಬಾಟಲಿ ಕೊಂಡು ಚೀಲಕ್ಕೆ ಹಾಕಿಕೊಂಡೆ. ಆದರೆ ವಿಷಯವನ್ನು ಕೂಲಂಕಷವಾಗಿ ಅಧ್ಯಯನ ಮಾಡದೆ ಅದರ ಮುಚ್ಚಳ ತೆರೆಯಬಾರದೆಂದು ನಿರ್ಧರಿಸಿದೆ. ಇಷ್ಟು ದೊಡ್ಡ ವೈಜ್ಞಾನಿಕ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲಾಗದೆ, ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ಇಳಿದು ಫೋನು ಮಾಡಿದೆ.

ನಾನು ಸೊರಬ ಮುಟ್ಟುವಷ್ಟರಲ್ಲಿ ಸುದ್ದಿ ಇಡೀ ಬೀದಿ ಮುಟ್ಟಿತ್ತು. ಅತ್ತೆ ಅಡುಗೆಮನೆಯಲ್ಲಿ ಮೊರದ ತುಂಬ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಒಲೆಯ ಮೇಲೆ ಮೆಂತೆ ಗಂಜಿ ಕುದಿಯುತ್ತಿತ್ತು. ಪಕ್ಕದ ಮನೆಯ ಗಿರಿಜಕ್ಕ ಸಬ್ಬಸಿಗೆ ಸೊಪ್ಪಿನ ಕಟ್ಟು ಹಿಡಿದು ಸಾವಿನ ಮನೆಗೆ ಬಂದವರ ದನಿಯಲ್ಲಿ, “ಎಂತ ಮಾಡೋದು ಮಾರಾಯ್ರೇ, ನಮ್ಮ ನಾದಿನಿಗೂ ಹಿಂಗೇ ಆಗಿತ್ತು” ಎಂದರು.

“ನಾನು ಹೇಳಿದ್ದು ಡಿ...” ಎಂದೆ.

“ಡೀನೋ ಬೀನೋ! ಸಾಲಲ್ಲ ಅಂದ್ಮೇಲೆ ಸಾಲಲ್ಲ” ಎಂದರು ಅತ್ತೆ.

ಒಳಗೆ ಸುಜಾತಾ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅತ್ತಿದ್ದಳೆಂದು ಕಣ್ಣು ನೋಡಿದರೆ ತಿಳಿಯುತ್ತಿತ್ತು.

“ರೀ, ನನ್ನ ಹಾಲು ಸಾಲಲ್ಲ ಅಂದ್ರಾ?”

“ಅದರಲ್ಲಿ ವಿಟಮಿನ್ ಡಿ ಸಾಲಲ್ಲ ಅಂದ್ರು.”

“ಅದಲ್ಲ. ಹಾಲು ಸಾಲುತ್ತೋ ಇಲ್ವೋ?”

ಸಾಲುತ್ತೆ. ಈ ಒಂದು ಮಾತು ಸಾಕಾಗಿತ್ತು. ಮಗಳು ಕಣ್ಣೆದುರಿಗೇ ಕುಂಬಳಕಾಯಿಯ ಹಾಗೆ ಬೆಳೆಯುತ್ತಿದ್ದಳು. ಆದರೆ ವಿಶ್ವವಿದ್ಯಾಲಯ ನನಗೆ ಅಷ್ಟು ಸುಲಭದ ಮಾತು ಕಲಿಸಿರಲಿಲ್ಲ.

“ಅದನ್ನ ಅಳೆದು ನೋಡದೇ ಹೇಳಕ್ಕಾಗಲ್ಲ” ಎಂದೆ!

ಮಾವನದು ಶುಂಠಿ ವ್ಯಾಪಾರ. ಮನೆಯ ಮುಂಭಾಗವೇ ಗೋಡೌನು. ಅಲ್ಲಿ ಮೂಟೆ ತೂಗುವ ಕರೆಂಟಿನ ತಕ್ಕಡಿಯಿತ್ತು. ನನ್ನ ಯೋಜನೆ ಬಹಳ ಸರಳ. ಹಾಲು ಕುಡಿಯುವ ಮುಂಚೆ ಮಗುವನ್ನು ತೂಗುವುದು, ಕುಡಿದ ಮೇಲೆ ಮತ್ತೆ ತೂಗುವುದು. ಹೆಚ್ಚಾದದ್ದು ಹಾಲು. ತತ್ವದಲ್ಲಿ ಎಳ್ಳಷ್ಟೂ ದೋಷವಿಲ್ಲ!

“ಎದೆಹಾಲನ್ನ ಯಾರಾದ್ರೂ ತೂಗ್ತಾರಾ? ದೃಷ್ಟಿ ಆಗ್ತದೆ” ಎಂದರು ಅತ್ತೆ.

“ವಿಜ್ಞಾನಕ್ಕೆ ದೃಷ್ಟಿ ತಾಗಲ್ಲ ಅತ್ತೆ.”

“ವಿಜ್ಞಾನಕ್ಕೆ ಅಂದ್ನಾ ನಾನು? ಕೂಸಿಗೆ!”

ಮಾವ ಮಾತ್ರ ಉತ್ಸಾಹದಲ್ಲಿದ್ದರು. ತಮ್ಮ ಟವೆಲ್ಲಿನಿಂದಲೇ ತಕ್ಕಡಿಗೆ ಅಂಟಿದ್ದ ಶುಂಠಿಯ ಮಣ್ಣು ಒರೆಸಿದರು. ಅತ್ತೆ ಗೊಣಗುತ್ತ ಬೆಳ್ಳುಳ್ಳಿ ಸುರಿದು ಮೊರ ಖಾಲಿ ಮಾಡಿ, ತೊಳೆದು, ಹಳೇ ಸೀರೆ ಹಾಸಿ, ಮಗಳ ಕೆನ್ನೆಗೊಂದು ದೊಡ್ಡ ಕಾಡಿಗೆ ಬೊಟ್ಟಿಟ್ಟು ಮಲಗಿಸಿದರು.

“ಅಳಿಯಂದ್ರೇ, ಮೊರದ ತೂಕ ಕಳೀಬೇಕಲ್ಲ? ನಾವು ಗೋಣಿ ತೂಕ ಕಳೀತೇವೆ” ಎಂದರು ಮಾವ.

“ಬೇಡ ಮಾವ. ಎರಡು ಸಲವೂ ಮೊರ ಇರುತ್ತಲ್ಲ!” ಎಂದೆ. ಅಳತೆಯಲ್ಲಿ ತಪ್ಪು ನುಸುಳದಂತೆ ನಾನು ಎಷ್ಟು ಎಚ್ಚರ ವಹಿಸಿದ್ದೆ ನೋಡಿ.

ಕೆಂಪು ಅಂಕಿ ಮೂಡಿತು: 5.2. ಸುಜಾತಾ ಮಗುವನ್ನೆತ್ತಿಕೊಂಡು ಮೂಟೆಗಳ ಮರೆಯಲ್ಲಿ ಕೂತು ಹಾಲೂಡಿಸಿದಳು. ಮಗಳು ಸದ್ದು ಮಾಡುತ್ತ ಕುಡಿದು, ತೇಗಿ, ನಿದ್ದೆ ಹೋದಳು. ಮತ್ತೆ ಮೊರದಲ್ಲಿಟ್ಟೆವು.

5.2.

ಮಗುವನ್ನು ಎತ್ತಿ ಮತ್ತೆ ಇಟ್ಟೆವು. ಅದೇ ಅಂಕಿ. “ಮಿಷಿನ್ ಸರಿ ಇಲ್ವೇನೋ” ಎಂದಳು ಸುಜಾತಾ, ಬಹಳ ಮೆಲ್ಲಗೆ. ಅದಕ್ಕೆ ನಾನು ಏನೋ ಒಂದು ಅಂದೆ. ಏನೆಂದು ನೆನಪಿಲ್ಲ. ನೆನಪಿರುವುದು ಮಗಳ ಬಾಯಿಯ ಅಂಚಿನಿಂದ ಗಲ್ಲಕ್ಕೆ ಇಳಿಯುತ್ತಿದ್ದ ಹಾಲು. ಅದನ್ನು ನಾನು ನೋಡಿದೆ. ಆದರೆ ಅದು ಅಂಕಿಯಲ್ಲವಲ್ಲ!

ಸಂಜೆಯೊಳಗೆ ಪುಡಿಹಾಲಿನ ಡಬ್ಬಿ ಬಂತು, ಬಾಟಲಿ ಬಂತು. ಬಾಟಲಿಯಲ್ಲಿ ಹಾಲು ಶ್ರಮವಿಲ್ಲದೆ ಬರುತ್ತದೆ. ಮಗಳಿಗೆ ಅದೇ ಹಿತವಾಯಿತು. ಮಗು ಚೀಪುವುದು ಕಡಿಮೆಯಾದಂತೆ ತಾಯಿಯ ಹಾಲೂ ಕಡಿಮೆಯಾಗುತ್ತದೆ. ಇದು ನನಗೆ ಆಮೇಲೆ ತಿಳಿಯಿತು. ಅತ್ತೆಯ ಬೆಳ್ಳುಳ್ಳಿ, ಗಿರಿಜಕ್ಕನ ಸಬ್ಬಸಿಗೆ ಯಾವುದೂ ಹಿಡಿಯಲಿಲ್ಲ. ಕೆಲವೇ ವಾರಗಳಲ್ಲಿ ಸುಜಾತಾಳ ಹಾಲು ನಿಜವಾಗಿಯೂ ಸಾಲದಾಯಿತು, ಆಮೇಲೆ ನಿಂತೇಹೋಯಿತು. ಜೀವನದಲ್ಲಿ ನಾನು ನುಡಿದು ನಿಜವಾದ ಭವಿಷ್ಯ ಇದೊಂದೇ!

ಚುಚ್ಚುಮದ್ದಿಗೆಂದು ಮಗುವನ್ನು ಶಿಕಾರಿಪುರಕ್ಕೆ ಕರೆತಂದಾಗ ಡಾಕ್ಟರಮ್ಮ ಕೇಳಿದರು: “ಹನಿ ಹಾಕ್ತಿದ್ದೀರಾ?”

ಇಷ್ಟೆಲ್ಲ ಗದ್ದಲದಲ್ಲಿ ಹನಿಯೊಂದನ್ನು ಯಾರೂ ಹಾಕಿರಲಿಲ್ಲ. ಬಾಟಲಿ ನನ್ನ ಚೀಲದಲ್ಲಿ, ಸೀಮೆಸುಣ್ಣದ ತುಂಡುಗಳ ನಡುವೆ, ಸೀಲು ಒಡೆಯದೆ ಅಧ್ಯಯನಕ್ಕಾಗಿ ಕಾಯುತ್ತಿತ್ತು.

ಡಾಕ್ಟರಮ್ಮನ ಕಣ್ಣು ಸುಜಾತಾಳ ಕೈಯಲ್ಲಿದ್ದ ಹಾಲಿನ ಬಾಟಲಿಯ ಮೇಲೆ ಬಿತ್ತು. “ಹಾಲು ಯಾಕೆ ಬಿಡಿಸಿದ್ರಮ್ಮ?”

“ಸಾಲಲ್ಲ ಅಂದ್ರಂತಲ್ಲ ಮೇಡಂ, ನೀವು.”

“ನಾನಾ? ಡಿ ಎಲ್ಲ ತಾಯಂದಿರ ಹಾಲಲ್ಲೂ ಕಡಿಮೆನೇ ಕಣಮ್ಮ. ನಂದರಲ್ಲೂ ಕಡಿಮೆನೇ ಇದ್ದಿದ್ದು. ನನ್ನ ಮಕ್ಕಳಿಗೂ ಹನಿ ಹಾಕಿದ್ದೆ, ಹಾಲೂ ಕುಡಿಸಿದ್ದೆ. ಬಾಟಲಿ ಹಾಲು ಕುಡಿದ್ರೂ ಸದ್ಯ ಹನಿ ಬೇಕೇ ಬೇಕು.” ಮತ್ತೊಮ್ಮೆ ಎದೆಗೆ ಹಚ್ಚಿ ನೋಡಿ ಎಂದೂ ಹೇಳಿದರು.

ಅಲ್ಲೇ ಪಕ್ಕದ ಕೋಣೆಯಲ್ಲಿ ಸುಜಾತಾ ಪ್ರಯತ್ನಿಸಿದಳು. ಮಗಳು ಮುಖ ತಿರುಗಿಸಿ, ಬಾಟಲಿಗಾಗಿ ಅತ್ತಳು.

ವಾಪಸು ಸೊರಬಕ್ಕೆ ಹೋಗುವಾಗ ಬಸ್ಸಿನಲ್ಲಿ ಸುಜಾತಾ ಕಿಟಕಿಯಾಚೆ ನೋಡುತ್ತಲೇ ಹೇಳಿದಳು: “ಅವತ್ತು ಮಿಷಿನ್ ಸರಿ ಇಲ್ವೇನೋ ಅಂದೆ. ತೂಕ ಸುಳ್ಳು ಹೇಳುತ್ತಾ ಸುಜಾತಾ ಅಂದ್ರಿ.”

“ಹಂಗಂದ್ನಾ? ನೆನಪಿಲ್ಲ.”

“ನಂಗಿದೆ.”

ಅಂದು ಸಂಜೆ ಗೋಡೌನಿನಲ್ಲಿ ಯಾರೂ ಇಲ್ಲದಾಗ ತಕ್ಕಡಿ ಹತ್ತಿ ನನ್ನ ತೂಕ ನೋಡಿದೆ. ಇಳಿದು, ಮಗಳು ಒಂದು ಹೊತ್ತಿಗೆ ಕುಡಿಯುವಷ್ಟು, ಅಂದರೆ ನೂರು ಮಿಲಿ ನೀರನ್ನು ಅವಳ ಬಾಟಲಿಯಲ್ಲೇ ಅಳೆದೆ. ಆತುರದಲ್ಲಿ ನಿಪ್ಪಲ್ ತೆಗೆಯುವುದೂ ಹೊಳೆಯದೆ ಚೀಪಿ ಚೀಪಿ ಕುಡಿದೆ. ಬಾಗಿಲಲ್ಲಿ ಮಾವ ಬಂದು ನಿಂತಿದ್ದರು. ಬಾಟಲಿ ಚೀಪುತ್ತಿದ್ದ ಅಳಿಯನನ್ನು ನೋಡಿ, ಏನೂ ಕೇಳದೆ ಒಳಗೆ ಹೋದರು. ಮತ್ತೆ ತಕ್ಕಡಿ ಹತ್ತಿದೆ.

ಅಂಕಿ ಕದಲಲಿಲ್ಲ. ಆ ತಕ್ಕಡಿ ಇನ್ನೂರು ಗ್ರಾಮಿಗೊಂದು ಹೆಜ್ಜೆ ಇಡುತ್ತದೆ. ಅದಕ್ಕಿಂತ ಸಣ್ಣದು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಇದನ್ನು ಮಾತ್ರ ನಾನು ಮತ್ತೆ ಮತ್ತೆ ಪರೀಕ್ಷಿಸಿ ಖಚಿತಪಡಿಸಿಕೊಂಡಿದ್ದೇನೆ.