ಮೂರು ಅಂಗುಲದ ಹುಲ್ಲುಹಾಸು

ನಮ್ಮ ಕಚೇರಿಯ ಹುಲ್ಲುಹಾಸನ್ನು ಇನ್ನು ಮುಂದೆ ಮೂರು ಅಂಗುಲ ಎತ್ತರಕ್ಕೆ ಕತ್ತರಿಸತಕ್ಕದ್ದೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ಹುಲ್ಲುಹಾಸು ಎಂದರೆ ಮುಂಬಾಗಿಲ ಎದುರು ನೋಡುವುದಕ್ಕೆಂದು ಬೆಳೆಸಿದ ಹುಲ್ಲು; ಮೇಯಿಸುವುದಕ್ಕಲ್ಲ. ತೀರಾ ಗಿಡ್ಡಕ್ಕೆ ಕತ್ತರಿಸಿದರೆ ಬೇರು ಒಣಗುತ್ತದೆ, ಉದ್ದ ಬಿಟ್ಟರೆ ಬುಡ ಕೊಳೆಯುತ್ತದೆ. ಆದ್ದರಿಂದ ಮೂರು. ಇದಕ್ಕೆ ಯಾರ ತಕರಾರೂ ಇರಲಿಲ್ಲ.

ತಕರಾರು ಬಂದದ್ದು ಅಳೆಯುವವರು ಯಾರು ಎಂಬಲ್ಲಿ. ಒಬ್ಬರೇ ಅಳೆದರೆ ಪಕ್ಷಪಾತದ ಮಾತು ಬರುತ್ತದೆ. ಹಾಗಾಗಿ ಎತ್ತರ ನಿರ್ಣಯ ಸಮಿತಿ ರಚನೆಯಾಯಿತು. ಸದಸ್ಯರೆಲ್ಲರೂ ಪ್ರತಿದಿನ ಹುಲ್ಲಿನ ಮೇಲೆ ಖುದ್ದಾಗಿ ನಿಂತು ಅಳತೆಗೆ ಸಾಕ್ಷಿಯಾಗತಕ್ಕದ್ದು. ನಾನೂ ಸದಸ್ಯ, ಸ್ಕೇಲು ಹಿಡಿಯುವುದು ನನ್ನ ಪಾಲಿಗೆ ಬಂತು. ಸಮಿತಿ ಒಪ್ಪಿದರೆ ಹುಲ್ಲು ಕತ್ತರಿಸುವ ಹಂಗಾಮಿ ಮಾಲಿಯ ಕೆಲಸ ಕಾಯಂ. ಒಪ್ಪದಿದ್ದರೆ ಅವನು ಮನೆಗೆ.

ಕೆಲವೇ ದಿನಗಳಲ್ಲಿ ಒಂದು ವಿಚಿತ್ರ ಗಮನಕ್ಕೆ ಬಂತು.

"ಎರಡೇ ಅಂಗುಲ," ಎಂದೆ ನಾನು, ಮಂಡಿಯೂರಿ.

"ನಿನ್ನೆ ಎರಡೂವರೆ ಇತ್ತಲ್ರೀ! ಹುಲ್ಲು ಬೆಳೆಯೋದು ಬಿಟ್ಟು ಇಳಿಯುತ್ತಾ?" ಎಂದರು ಸಾಹೇಬರು.

"ಸಾರ್, ತಾವು ಅದರ ಮೇಲೇ ನಿಂತಿದ್ದೀರಿ," ಎಂದ ಮಾಲಿ.

"ಮತ್ತೆ ಗಾಳೀಲಿ ನಿಂತು ಅಳೀಲೇನಯ್ಯಾ?"

"ಅಧಿಕಾರಿಗಳನ್ನ ಕಂಡು ಬಗ್ಗುತ್ತಿದೆ ಸಾರ್," ಎಂದರು ಲೆಕ್ಕಾಧಿಕಾರಿ. "ಈ ಕಚೇರೀಲಿ ಅಷ್ಟಾದರೂ ಮರ್ಯಾದೆ ಉಳಿದಿದೆ."

ಪರಿಸ್ಥಿತಿ ಗಂಭೀರವಾದ್ದರಿಂದ ಅಳತೆಯನ್ನು ದಿನಕ್ಕೆರಡು ಸಲ ಮಾಡಲಾಯಿತು. ಅಧಿಕಾರಿಗಳ ಜೊತೆ ಸಹಾಯಕರೂ ನಿಂತರು. ಕೊನೆಯ ಪರಿಶೀಲನೆಯ ದಿನ ನಾನು ಸ್ಕೇಲನ್ನು ನೇರವಾಗಿ ಮಣ್ಣಿನ ಮೇಲೆ ಊರಿದೆ. ಹುಲ್ಲು ಇರಲಿಲ್ಲ. ಇರಲಿಲ್ಲ ಎಂದರೆ ಎಲ್ಲೂ ಇರಲಿಲ್ಲ.

ಮಾಲಿ ಹುಲ್ಲು ಕತ್ತರಿಸುವ ಯಂತ್ರದ ಹಿಡಿಯನ್ನು ಬಿಗಿಯಾಗಿ ಹಿಡಿದು ಎಲ್ಲರ ಮುಖ ನೋಡಿದ. ಆಮೇಲೆ ಮೆಲ್ಲಗೆ, "ಸಾರ್, ಮೂರು ಅಂಗುಲ ಮೀರಿದ ಹುಲ್ಲು ಒಂದಾದರೂ ಕಾಣುತ್ತಾ?" ಎಂದ.

ಸಮಿತಿಯಿಡೀ ಬಗ್ಗಿ ಹುಡುಕಿತು.

"ಒಂದೂ ಇಲ್ಲ," ಎಂದರು ಸಾಹೇಬರು, ಸೊಂಟ ಹಿಡಿದುಕೊಂಡು ಏಳುತ್ತ. "ಇಷ್ಟು ಶಿಸ್ತಿನ ಹುಲ್ಲುಹಾಸು ನಾನು ನೋಡೇ ಇಲ್ಲ. ಇವನನ್ನ ಕಾಯಂ ಮಾಡಿ."

ಈಗ ಮಾಲಿ ಪ್ರತಿದಿನ ಬೆಳಿಗ್ಗೆ ಯಂತ್ರವನ್ನು ಮೂರು ಅಂಗುಲಕ್ಕೆ ಏರಿಸಿ ಮಣ್ಣಿನ ಮೇಲೆ ತಳ್ಳುತ್ತಾನೆ. ಸಾಧನೆಯನ್ನು ಕಾಪಾಡಲು 'ಹುಲ್ಲು ತುಳಿಯಬಾರದು' ಎಂಬ ಫಲಕ ನೆಡಲಾಗಿದೆ. ನಾವೆಲ್ಲ ಸುತ್ತು ಹಾಕಿಯೇ ಒಳಗೆ ಹೋಗುತ್ತೇವೆ.

ನಿನ್ನೆ ಅರ್ಜಿ ಕೊಡಲು ಬಂದವರೊಬ್ಬರು ಅದರ ಮೇಲೇ ಅಡ್ಡ ಹಾದು ಬರುತ್ತಿದ್ದರು.

"ಕಣ್ಣು ಕಾಣಲ್ವೇನ್ರೀ?" ಎಂದು ಕಿಟಕಿಯಿಂದ ಕೂಗಿದೆ.

ಅವರು ಬೆಚ್ಚಿ ಫಲಕ ಓದಿದರು, ಕಾಲ ಕೆಳಗೆ ನೋಡಿದರು, "ಕ್ಷಮಿಸಿ, ಗಮನಿಸಲಿಲ್ಲ," ಎಂದರು. ಆಮೇಲೆ ಚಪ್ಪಲಿ ಕೈಲಿ ಹಿಡಿದು, ತುದಿಗಾಲಲ್ಲಿ, ಬಂದ ದಾರಿಯಲ್ಲೇ ಹಿಂದಿರುಗಿದರು.