ಬುಟ್ಟಿಗೆ ಕಟ್ಟಿದ ಚಿಂದಿ

ಸೈಕಲ್ ಮೇಲೆ ಊರೂರು ತಿರುಗುವವನಿಗೆ ನಗೆಪಾಟಲಾಗುವುದು ದಿನದ ಕೆಲಸ. ನನಗಂತೂ ಅಳುವ ಕಾಲದಲ್ಲೂ ಅದು ತಪ್ಪಲಿಲ್ಲ. ಎಪ್ಪತ್ತರ ದಶಕದಲ್ಲಿ ನಾನು ವಿಜಾಪುರದ ಒಂದು ಬೇಕರಿಯಿಂದ ಪಾವು, ಬಟರು ಬಿಸ್ಕೀಟು, ಖಾರಿ ಹೇರಿಕೊಂಡು, ಅಥಣಿ ರಸ್ತೆ ಹಿಡಿದು ತಿಕೋಟಾ, ಹೊನವಾಡ, ಘೋಣಸಗಿ ಸುತ್ತಿ ಮಾರುತ್ತಿದ್ದೆ.

ಹೊಸದು, ಹಳೆಯದು

ನಮ್ಮ ಮನೆಯ ಬಾಗಿಲು ಬಲು ಕಿರಿದು. ಬುಟ್ಟಿ ಕಟ್ಟಿದ ಸೈಕಲ್ಲು ಒಳಗೆ ಬರುತ್ತಿರಲಿಲ್ಲ. ಅದಕ್ಕೆ ವೆಲ್ಡಿಂಗಿನವನೊಬ್ಬನಿಗೆ ಹೇಳಿ ಕ್ಯಾರಿಯರಿನ ಎರಡೂ ಬದಿಗೆ ಮಡಚುವ ಕಬ್ಬಿಣದ ಬುಟ್ಟಿ ಮಾಡಿಸಿದೆ. ಪಾವು ತುಂಬಿದಾಗ ಅವು ಸುಮ್ಮನಿರುತ್ತಿದ್ದವು. ಖಾಲಿ ಮಾಡಿ ಮಡಚಿದರೆ ಸಾಕು, ಮಡಚುವ ಕೀಲಿನ ಬಿಜಾಗರಿಗಳಲ್ಲಿ ಖಡಖಡ ಬಡಿದುಕೊಂಡು ಓಣಿಯನ್ನೆಲ್ಲ ಎಬ್ಬಿಸುತ್ತಿದ್ದವು.

ಓಣಿ ಎದ್ದರೆ ನನಗೇನು? ಆದರೆ ಒಳಗೆ ನನ್ನ ಹೆಂಡತಿ ಮಲಗಿರುತ್ತಿದ್ದಳು. ಅವಳಿಗೆ ಎದೆಬೇನೆ. ಅವಳಿಗೆ ಕಣ್ಣು ಹತ್ತುತ್ತಿದ್ದುದೇ ನಸುಕಿಗೆ, ನಾನು ಖಾಲಿ ಸೈಕಲ್ಲು ಹೊರಗೆ ತೆಗೆಯುವ ಹೊತ್ತಿಗೆ. ನಿದ್ದೆಯೇ ಇವಳ ಔಷಧ ಎಂದು ಡಾಕ್ಟರು ಹೇಳಿದ್ದರು. ಆ ಔಷಧವನ್ನು ದಿನಾ ಬೆಳಗ್ಗೆ ನಾನೇ ಚೆಲ್ಲುತ್ತಿದ್ದೆ.

ವೆಲ್ಡಿಂಗಿನವನ ಹತ್ತಿರ ಹೋಗಿ ದೂರಿದೆ. ಹೊಸ ಕಬ್ಬಿಣ, ಒಂದು ತಿಂಗಳು ತಡೆದರೆ ತಾನೇ ಸುಮ್ಮನಾಗುತ್ತದೆ ಎಂದ. ತಿಂಗಳು ಕಳೆಯಿತು, ಸದ್ದು ಎರಡರಷ್ಟಾಯಿತು. ಮತ್ತೆ ಹೋಗಿ ಕೇಳಿದೆ.

ಅವನು ಬೀಡಿ ಆರಿಸಿ, ಬುಟ್ಟಿ ಅಲ್ಲಾಡಿಸಿ ನೋಡಿದ. "ಈಗ ಹಳೇದಾತಲ್ರಿ, ಅದಕ್ಕ."

ಎಣ್ಣೆಯ ಉಪಾಯ

ಬೇಕರಿಯ ಭಟ್ಟಿಯವನು ಎಣ್ಣೆ ಬಿಡಲು ಹೇಳಿದ. ಮನೆಯಲ್ಲಿದ್ದದ್ದು ಕುಸುಬಿ ಎಣ್ಣೆ. ಧಾರಾಳವಾಗಿಯೇ ಬಿಟ್ಟೆ. ಸದ್ದು ನಿಂತಿತು, ಹೆಂಡತಿ ಎರಡು ದಿನ ಹೊತ್ತೇರುವವರೆಗೆ ಮಲಗಿದಳು. ಬಟರಿನ ಮೇಲಿನ ಸಕ್ಕರೆಯೋ ಬಿಜಾಗರಿಯ ಎಣ್ಣೆಯೋ, ಮೂರನೆಯ ದಿನ ವಿಜಾಪುರದ ಇರುವೆಗಳೆಲ್ಲ ನನ್ನ ಜೊತೆ ತಿಕೋಟಾಕ್ಕೆ ಹೊರಟವು. ಖಾಯಂ ಗಿರಾಕಿಯಾದ ಮಾಸ್ತರರೊಬ್ಬರು ಪಾವು ಮುರಿದು ನೋಡಿ, ನನ್ನ ಮುಖ ನೋಡಿ, ಬಹಳ ಮರ್ಯಾದೆಯಿಂದ ಹೇಳಿದರು: "ಇವು ಮೊದ್ಲ ಊಟಾ ಮಾಡ್ಯಾವ್ರಿ. ಎಂಜಲಾ ನಮಗ ಬ್ಯಾಡ."

ಬಿಜಾಗರಿ ಒರೆಸಿ ಒಣಗಿಸಿದೆ. ಖಡಖಡ ತಿರುಗಿ ಬಂತು.

ಹರಕೆಯ ಸೈಕಲ್ಲು

ಕೊನೆಗೆ ಉಪಾಯ ಹುಡುಕಿದವಳು ಅವಳೇ. ತನ್ನ ಹಳೆಯ ಹಸಿರು ಸೀರೆಯನ್ನು ಹಾಸಿಗೆಯ ಮೇಲೆ ಕೂತೇ ಹರಿದು ಪಟ್ಟಿ ಮಾಡಿ, ಕಬ್ಬಿಣಕ್ಕೆ ಕಬ್ಬಿಣ ತಾಗುವಲ್ಲೆಲ್ಲ ಕಟ್ಟಲು ಹೇಳಿದಳು. ಬುಟ್ಟಿಗಳು ಪೂರ್ತಿ ಮೂಕವಾದವು.

ಆದರೆ ನಮ್ಮ ಕಡೆ ಜನ ಹರಕೆ ಹೊತ್ತು ದರ್ಗಾದಲ್ಲಿ ಚಿಂದಿ ಕಟ್ಟುತ್ತಾರೆ, ಬೇಡಿದ್ದು ಈಡೇರಿದ ಮೇಲೆ ಬಂದು ಬಿಚ್ಚುತ್ತಾರೆ. ಹೊನವಾಡದ ಒಬ್ಬ ಅಜ್ಜಿ ನನ್ನ ಬುಟ್ಟಿ ನೋಡಿ ಕೈಮುಗಿದು, ತನ್ನ ಸೆರಗಿನ ಅಂಚು ಹರಿದು ಅಲ್ಲೇ ಒಂದು ಗಂಟು ಹಾಕಿದಳು. ಸೊಸೆಗೆ ಗಂಡು ಮಗುವಾಗಬೇಕಂತೆ. ಸದ್ದು ನಿಲ್ಲಲೆಂದು ಕಟ್ಟಿದ್ದಮ್ಮಾ ಎಂದು ಹೇಳಹೋದರೆ ಬಾಯಿ ಮುಚ್ಚಿಸಿದಳು: "ಒಳಗಿನ ಮಾತು ಹೊರಗ ಹೇಳಬ್ಯಾಡೋ ಯಪ್ಪಾ, ಫಲಾ ಕೊಡೂದಿಲ್ಲ." ವಾರದೊಳಗೆ ಘೋಣಸಗಿಯವರೂ ಕಟ್ಟಿದರು. ಒಬ್ಬ ರೈತನಂತೂ ಕಳೆದುಹೋದ ಎಮ್ಮೆಗಾಗಿ ತನ್ನ ಟವೆಲ್ಲಿನ ಅರ್ಧ ಕಟ್ಟಿದ.

ಮನೆಗೆ ಬಂದು ಹೇಳಿದರೆ ಹೆಂಡತಿ ಎದೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿಸಿ, ಸೀರೆಯಲ್ಲಿ ಉಳಿದಿದ್ದ ಕೆಂಪು ಅಂಚಿನ ತುಂಡನ್ನು ತಾನೇ ಬಂದು ಬುಟ್ಟಿಗೆ ಕಟ್ಟಿದಳು.

"ಎಮ್ಮಿ ಸಲುವಾಗಿ ಕಟ್ಯಾರಂದ್ರ, ನನ್ನ ಸಲುವಾಗಿನೂ ಒಂದ್ ಇರ್ಲಿ ಬಿಡ್ರಿ."

ನನಗೆ ನಗು ಬರಲಿಲ್ಲ.

ಬಿಚ್ಚಿದ್ದು

ಕೆಲವು ತಿಂಗಳು ಅವಳು ಚೆನ್ನಾಗಿ ನಿದ್ದೆ ಮಾಡಿದಳು. ಒಂದು ಬೆಳಗ್ಗೆ ಎಂದಿನಂತೆ ಸೈಕಲ್ಲನ್ನು ಸದ್ದಿಲ್ಲದೆ ಹೊರಗೆ ತೆಗೆದೆ. ಅವಳು ಮಗ್ಗುಲು ಸಹ ಬದಲಿಸಲಿಲ್ಲ. ನನ್ನ ಜಾಣತನಕ್ಕೆ ನಾನೇ ಹಿಗ್ಗಿ ತಿಕೋಟಾದವರೆಗೆ ಸೀಟಿ ಹಾಕುತ್ತ ಹೋದೆ. ಮಧ್ಯಾಹ್ನ ತಿರುಗಿ ಬಂದಾಗ ಬಾಗಿಲಲ್ಲಿ ಓಣಿಯ ಜನ ನಿಂತಿದ್ದರು. ನಾನು ಹೊರಟಾಗ ಅವಳು ಇದ್ದಳೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ.

ಹದಿನೈದು ದಿನ ಬಿಟ್ಟು ಮತ್ತೆ ಹೊನವಾಡಕ್ಕೆ ಹೋದೆ. ಹೊಟ್ಟೆ ಕೇಳಬೇಕಲ್ಲ. ಆ ಅಜ್ಜಿ ತೆಂಗಿನಕಾಯಿ, ಸಕ್ಕರೆ ಹಿಡಿದು ಊರ ಅಗಸಿ ಬಾಗಿಲಲ್ಲೇ ಕಾಯುತ್ತಿದ್ದಳು. ಮೊಮ್ಮಗ ಹುಟ್ಟಿದ್ದ. ಮುಂದಿನ ಗಾಲಿಗೆ ಕುಂಕುಮ ಹಚ್ಚಿ, ಹ್ಯಾಂಡಲ್ಲಿಗೆ ಹೂವು ಏರಿಸಿ, ತನ್ನ ಗಂಟು ಬಿಚ್ಚಲು ಕೂತಳು. ಆದರೆ ಧೂಳು, ಮಳೆ ತಿಂದು ಚಿಂದಿಗಳೆಲ್ಲ ಒಂದೇ ಬಣ್ಣವಾಗಿದ್ದವು. ಇದು ಎಮ್ಮೆಯದು, ಇದು ಬೇರೆಯವರದು ಎಂದು ನೆರೆದ ಹೆಂಗಸರ ನಡುವೆ ದೊಡ್ಡ ವಾದವೇ ಆಯಿತು. ಕೊನೆಗೆ ಅಜ್ಜಿ ಒಂದನ್ನು ಹಿಡಿದು, ಇದೇ ಹೌದೇನೋ ಎಂದು ನನ್ನನ್ನು ಕೇಳಿದಳು.

ಬೆರಳಿನಿಂದ ಧೂಳು ಒರೆಸಿದೆ. ಕೆಂಪು ಅಂಚು.

"ಹೌದಬೇ, ನಿಂದ ಅದು. ಬಿಚ್ಚು," ಎಂದೆ. ಕಟ್ಟಿದವಳು ಬಿಚ್ಚಲು ಬರುವಂತಿರಲಿಲ್ಲ.

ಗಂಟು ಬಿಗಿಯಾಗಿತ್ತು. ಅಜ್ಜಿ ಹಲ್ಲಿನಿಂದ ಬಿಚ್ಚಿ ಅದನ್ನು ಕಣ್ಣಿಗೆ ಒತ್ತಿಕೊಂಡು, ನನ್ನ ಬಾಯಿಗೆ ಒಂದು ಹಿಡಿ ಸಕ್ಕರೆ ತುರುಕಿದಳು. ನಾನು ರಸ್ತೆಯ ನಡುವೆಯೇ, ಬಾಯಿತುಂಬ ಸಕ್ಕರೆ ಇಟ್ಟುಕೊಂಡು, ಗಳಗಳ ಅತ್ತೆ.

ಅಜ್ಜಿ ನೆರೆದವರ ಕಡೆ ಹೆಮ್ಮೆಯಿಂದ ತಿರುಗಿದಳು.

"ನೋಡ್ರಿಬೇ, ನಮ್ಮ ಮನ್ಯಾಗ ಗಂಡು ಹುಟ್ಟಿದ್ದಕ್ಕ ಈ ಪಾವಿನಾಂವಗ ಎಷ್ಟ್ ಖುಷಿ ಆಗೇತಿ."